ಹೆಚ್ಚಿದಷ್ಟೂ ಗಂಟು

೧
ಈ ಕತೆಯನ್ನು ಯಾವ ತುದಿಯಿಂದ ಹಿಡಿಯಲಿ? ಕೊಟ್ಟ ಮಾತಿನಿಂದಲೇ ಹಿಡಿಯುತ್ತೇನೆ. ಎಷ್ಟೋ ವರ್ಷದ ಹಿಂದೆ, ಸಾಯುವ ಮುಂಚೆ ಚೆಲುವಯ್ಯ ಸೊಸೆಯ ಕೈ ಹಿಡಿದು, "ಸೊಪ್ಪಿನ್ ತೋಟಕ್ಕೆ ಔಸ್ದಿ ಹೊಡೀಬ್ಯಾಡ ಕಣವ್ವ, ರೇಷ್ಮೆಹುಳ ಸತ್ತೋಯ್ತವೆ" ಅಂದಿದ್ದ. "ಹೊಡ್ಯಾಕಿಲ್ಲ ಮಾವ" ಅಂದಿದ್ದಳು ಕೆಂಚಮ್ಮ.

(ಮೊದಲ ಡ್ರಾಫ್ಟು ಒಂದು ಕಳೆಗಿಡದ ಹೂವಿನಿಂದ ಶುರುವಾಗಿತ್ತು. ತಿಳಿಗುಲಾಬಿ ತೆನೆ, ತಂಗಾಳಿ, ಇತ್ಯಾದಿ. ಹರಿದೆ. ಆ ಗಿಡ ಚೆಂದ ಅಂತ ಬರೆಯಲು ನನಗೇ ಭಯವಾಯಿತು.)

೨
೨೦೦೬. ಬೈರಮಂಗಲದ ಕಾಲುವೆಯಲ್ಲಿ ನೀರಿಗಿಂತ ನೊರೆ ಜಾಸ್ತಿ. ಮೇಲೆ ಫ್ಯಾಕ್ಟರಿಗಳು ಎದ್ದ ಹಾಗೆ ಕೆಳಗೆ ಆ ಗಿಡವೂ ಎದ್ದಿತು: ಬೆರಳ ಗೆಣ್ಣಿನಂತೆ ಊದಿದ ಕಾಂಡ. ಹೆಸರು ತಿಳಿಯದೆ ಗಂಟುಗಿಡ ಅಂದರು. ಹಿಪ್ಪುನೇರಳೆ ತೋಟಕ್ಕೆ ನುಗ್ಗಿದ್ದನ್ನೆಲ್ಲ ಕೆಂಚಮ್ಮ ಕಿತ್ತಳು. ಮರಿಹುಳಕ್ಕೆ ಸೊಪ್ಪು ಹೆಚ್ಚಿ ಹೆಚ್ಚಿ ಪಳಗಿದ ಕೈ ಅದು, ಸುಮ್ಮನೆ ಎಸೆಯುತ್ತದೆಯೇ? ಗಿಡವನ್ನೂ ಸಣ್ಣಗೆ ಹೆಚ್ಚಿ, ಗೊಬ್ಬರವಾಗಲಿ ಅಂತ ಸಾಲುಸಾಲಿಗೆ ಹರಡಿದಳು.

(ಇಲ್ಲಿ ನಾನು ಕೂಗಬೇಕಿತ್ತು. ಒಂದೊಂದು ಗಂಟೂ ಒಂದೊಂದು ಗಿಡವಾಗುತ್ತೆ ಅಂತ ನನಗೆ ಗೊತ್ತಿತ್ತು. ಕೂಗಿದ್ದರೆ ಕತೆ ಅಲ್ಲೇ ನಿಲ್ಲುತ್ತಿತ್ತಲ್ಲ, ಸುಮ್ಮನಿದ್ದೆ.)

೩
ಹದಿನೈದು ದಿನಕ್ಕೆ ತೋಟದ ತುಂಬ ಕೆಂಪು ಮೊಳಕೆ. ಹುಳದ ಮನೆಯ ಗೋಡೆ ಬಿರುಕಲ್ಲೂ ಒಂದು. ಕೆಂಚಮ್ಮ ಒಂದನ್ನು ಕಿತ್ತು ನೋಡಿದಳು, ಬುಡದಲ್ಲಿ ತಾನೇ ಹೆಚ್ಚಿದ ತುಂಡು.

"ನಾನೇ ನೆಟ್ಟಂಗಾಯ್ತಲ್ಲ!"

"ಒಳ್ಳೆ ನಾಟಿ ಬುಡು, ಒಂದೂ ಸತ್ತಿಲ್ಲ." ಗಂಡ ದೇವರಾಜು ನಗಲು ನೋಡಿದ, ಆಗಲಿಲ್ಲ. "ಕಳೆ ಔಸ್ದಿ ತತ್ತೀನಿ ಕಣಮ್ಮಿ."

"ಹುಳ ಮೂರನೇ ಜ್ವರದಾಗವೆ, ಈಗ ಮೇವು ಮುಟ್ಟಾಕಿಲ್ಲ. ಪೊರೆ ಬುಟ್ಟು ಎದ್ರೆ ಯಾವ ಸೊಪ್ಪು ಹಾಕ್ಲಿ?"

"ಹೊಡೀದಿದ್ರೆ ಮುಂದಿನ್ ಬೆಳೆಗೆ ಸೊಪ್ಪೇ ಇರಾಕಿಲ್ಲ."

೪
ಅಂತ್ಯ ಒಂದು: ಯಾರೋ ಆಫೀಸರು ಜೀಪಿನಲ್ಲಿ ಬಂದು ಉಪಾಯ ಹೇಳುತ್ತಾರೆ.

"ಯಾವೂರ್ನೋನಪ್ಪ ನೀನು?" ಕೆಂಚಮ್ಮ ಹಾಳೆಯಿಂದಲೇ ತಲೆಯೆತ್ತಿದಳು. "ಈ ನಾತಕ್ಕೆ ಯಾರ್ ಬತ್ತಾರೆ?"

ಅಂತ್ಯ ಎರಡು: ಅವಳು ಒಂದೊಂದೇ ಗಂಟು ಆರಿಸಿ ಸುಡುತ್ತಾಳೆ.

"ಬಾ, ನೀನೂ ಒಸಿ ಬಗ್ಗು. ಸೊಂಟ ಯಾರ್ದು ಅಂತ ತಿಳ್ಕೊಂಡಿದ್ದೀಯ?"

ಎರಡನ್ನೂ ಹೊಡೆದುಹಾಕಿದೆ. ಮೂರನೆಯದು ನನಗೆ ಬೇಡವಾಗಿತ್ತು.

೫
ಬೆಳಿಗ್ಗೆ ದೇವರಾಜು ಔಷಧಿ ಪಂಪು ಬೆನ್ನಿಗೇರಿಸಿದ. ಕೆಂಚಮ್ಮ ಅಡ್ಡ ನಿಂತಳು.

"ಕೊಡಿ ಇಲ್ಲಿ. ಮಾತು ಕೊಟ್ಟೋಳು ನಾನು."

ಒಳಗೆ ತಟ್ಟೆಗಳಲ್ಲಿ ಹುಳಗಳು ತಲೆಯೆತ್ತಿ ಅಲ್ಲಾಡದೆ ಕೂತಿದ್ದವು. ಅತ್ತ ನೋಡದೆ ಅವಳು ಮೂಗಿಗೆ ಸೆರಗು ಕಟ್ಟಿದಳು.

ಗಿಡ ಸತ್ತಿತಾ, ಹುಳ ಉಳಿದವಾ ಅಂತ ನನ್ನನ್ನು ಕೇಳಬೇಡಿ, ನಾನು ತೋಟದೊಳಕ್ಕೆ ಹೋಗುವುದಿಲ್ಲ. ಕೆಂಚಮ್ಮ ಔಷಧಿ ಹೊಡೆದಳು. ಮಾತು ಮುರಿಯಿತು.