ಅಂಗಡಿಯ ಎಡೆ

"ಯಾರು ಹೇಳಿದ್ರು ನಿಂಗೆ?" ಎಂದಳು ಎರ್ಮೆಲಿಂಡ. ಎರಡು ತೋಳು ತುಂಬ ಚೆಂಡುಹೂವು ಹೊತ್ತು ಬಂದವಳು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ನೊಯೆಮಿ ಗಲ್ಲಾದ ಹಿಂದೆ ಕೂತು ಕಿವಿಯೋಲೆಗಳಿಗೆ ಬೆಲೆಚೀಟಿ ಅಂಟಿಸುತ್ತಿದ್ದಳು. ತಲೆ ಎತ್ತದೆಯೇ, ಮೊದಲು ಒಳಗೆ ಬಾ, ಹೂವು ಬಾಡುತ್ತೆ ಎಂದಳು. ಎರ್ಮೆಲಿಂಡ ಅಲುಗಲಿಲ್ಲ. ಅವಳ ಕಣ್ಣು ಕಿಟಕಿಯ ಪಕ್ಕದ ಎಡೆಯ ಮೇಲೆ ನೆಟ್ಟಿತ್ತು.

ಮೆಕ್ಸಿಕನ್ ಮೂಲದವರ ಕಲೆಗೆಂದೇ ಇರುವ ಟೂಸಾನ್‌ನ ಈ ಚಿಕಾನೋ ಮ್ಯೂಸಿಯಮ್ಮಿಗೆ ಬರುವ ಜನ ಚಿತ್ರಗಳನ್ನು ಹತ್ತು ನಿಮಿಷ ನೋಡಿ ಅಂಗಡಿಯಲ್ಲಿ ಒಂದು ಗಂಟೆ ಕಳೆಯುತ್ತಾರೆ. ಗೋಡೆಚಿತ್ರಗಳ ದಪ್ಪ ಪುಸ್ತಕವನ್ನು ಎತ್ತಿ, ಬೆಲೆ ಕಂಡು, ಮಗುವನ್ನು ಮಲಗಿಸುವಂತೆ ಮೆಲ್ಲಗೆ ವಾಪಸ್ ಇಟ್ಟು, ಬುರುಡೆಯ ಕೀಚೈನು ಕೊಂಡು ಹೋಗುತ್ತಾರೆ. ಸತ್ತವರ ಹಬ್ಬದ ವಾರವಂತೂ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೇ ನೊಯೆಮಿ ಪ್ರತಿ ವರ್ಷ ಅಂಗಡಿಯೊಳಗೇ ಎಡೆ ಇಡುತ್ತಾಳೆ. ಕತ್ತರಿಸಿದ ಬಣ್ಣದ ಕಾಗದದ ತೋರಣ, ಮೇಣದಬತ್ತಿ, ಸಕ್ಕರೆ ಬುರುಡೆ, ಸಿಹಿ ಬ್ರೆಡ್ಡು, ದೂರದಿಂದ ನಡೆದು ಬರುವ ಸತ್ತವರಿಗೆಂದು ಒಂದೊಂದು ಪಟದ ಮುಂದೆ ಒಂದೊಂದು ಲೋಟ ನೀರು. ಭಕ್ತಿಯೂ ಆಯಿತು, ವ್ಯಾಪಾರವೂ ಆಯಿತು.

ಈ ಸಲದ ಎಡೆ ಬೇಸಿಗೆಯಲ್ಲಿ ತೀರಿಕೊಂಡ ಚಿತ್ರಕಾರ ದೊನ್ ಫಿದೆನ್ಸಿಯೊ ಅವರಿಗೆ. ನಡುವೆ ಮುದುಕರ ಫೋಟೊ. ಸುತ್ತಲೂ ಮಾರಾಟದ ತಗಡಿನ ಫೋಟೊ ಚೌಕಟ್ಟುಗಳು. ಖಾಲಿ ಚೌಕಟ್ಟನ್ನು ಯಾರೂ ಕೊಳ್ಳುವುದಿಲ್ಲವೆಂದು ನೊಯೆಮಿ ಅವುಗಳಲ್ಲಿ ಅವರ ಗೋಡೆಚಿತ್ರಗಳ ಪೋಸ್ಟ್‌ಕಾರ್ಡು ಸೇರಿಸಿದ್ದಳು. ಒಂದರಲ್ಲಿ ಅಕಾರ್ಡಿಯನ್ನನ್ನು ತಲೆಯ ಮೇಲೆತ್ತಿ ನಗುತ್ತಿರುವ ಹುಡುಗ. ಆ ಚಿತ್ರಕ್ಕೆಂದು ವರ್ಷಗಳ ಹಿಂದೆ ಚಿತ್ರಕಾರರ ಮುಂದೆ ನಿಂತವನು ಎರ್ಮೆಲಿಂಡಳ ಮಗ ಆಬೆಲ್.

ಅಜ್ಜಿಗೆ ಮಣ್ಣು ಕೊಡಲು ಆಬೆಲ್ ವಸಂತದಲ್ಲಿ ಗಡಿಯಾಚೆಗೆ ಹೋದ. ಕಾಗದಪತ್ರ ಇಲ್ಲದವನು ಒಮ್ಮೆ ದಾಟಿದರೆ ತಿರುಗಿ ಬರಲು ಉಳಿಯುವುದು ಮರುಭೂಮಿಯೊಂದೇ. ನಾಳೆ ನಡೆಯಲು ಶುರು ಮಾಡುತ್ತೇವೆ ಎಂದು ಜೂನ್ ತಿಂಗಳಲ್ಲಿ ಫೋನು ಮಾಡಿದ್ದೇ ಕೊನೆ. ಅವನ ಫೋಟೊವನ್ನೂ ಈ ಸಲ ಎಡೆಯಲ್ಲಿಡೋಣ ಎಂದ ತಪ್ಪಿಗೆ ಎರ್ಮೆಲಿಂಡ ತನ್ನ ನಾದಿನಿಯ ಜೊತೆ ಮಾತು ಬಿಟ್ಟಿದ್ದಳು. ಬದುಕಿರುವವರ ಮುಖವನ್ನು ಎಡೆಯಲ್ಲಿಡುವುದೆಂದರೆ ಸಾವಿಗೆ ಮನೆಯ ವಿಳಾಸ ಕೊಟ್ಟಂತೆ ಎಂಬುದು ಈ ಕೇರಿಯ ಮಕ್ಕಳಿಗೂ ಗೊತ್ತು.

"ಎಲ್ಲಿ ಸಿಕ್ಕಿದ್ನಂತೆ?" ಎಂದಳು ಎರ್ಮೆಲಿಂಡ. ದನಿ ತಣ್ಣಗಿತ್ತು.

ಆಗ ನೊಯೆಮಿ ತಿರುಗಿ ನೋಡಿದಳು. ಅಕಾರ್ಡಿಯನ್ ಎತ್ತಿ ಹಿಡಿದು ಆಬೆಲ್ ನಗುತ್ತಿದ್ದ. ಆ ಕಾರ್ಡನ್ನು ವರ್ಷಗಟ್ಟಲೆ ಮಾರಿ ಮಾರಿ ಅವಳ ಪಾಲಿಗೆ ಅದು ಮುಖವಾಗಿ ಉಳಿದಿರಲಿಲ್ಲ, ಸರಕಾಗಿತ್ತು.

"ಸುದ್ದಿ ಏನೂ ಬಂದಿಲ್ಲ ಕೊಮಾದ್ರೆ. ದೊನ್ ಫಿದೆನ್ಸಿಯೊ ಬರೆದಿದ್ದು ಅಂತ ಇಟ್ಟೆ. ನಂಗೆ ಹೊಳೀಲೇ ಇಲ್ಲ."

"ಇಗರ್ಜೀಲಿ ಅವನ್ನ ಎತ್ಕೊಂಡು ಹೆಸರಿಡಿಸಿದ್ದು ನೀನು. ನಿಂಗೇ ಹೊಳೀಲಿಲ್ವಾ?"

ಅಂದಿನಿಂದಲೇ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ, ಎಂದರೆ ಜೊತೆತಾಯಿ, ಎಂದು ಕರೆಯುತ್ತ ಬಂದದ್ದು. ಯಾವಾಗಿನಿಂದ ಇದೆ ಎಂದು ಎರ್ಮೆಲಿಂಡ ಕೇಳಿದಾಗ, ಭಾನುವಾರದಿಂದ ಎಂದು ನೊಯೆಮಿ ನಿಜವನ್ನೇ ಹೇಳಿದಳು. ದಿನವೂ ಮೇಣದಬತ್ತಿ ಹಚ್ಚಿದೆಯಾ ಎಂದು ಗೆಳತಿ ಮತ್ತೆ ಕೇಳಿದಳು. ಹಚ್ಚಿದ್ದಳು. ಎರ್ಮೆಲಿಂಡ ಹೂವನ್ನು ನೆಲದ ಮೇಲಿಟ್ಟಳು.

ನೊಯೆಮಿ ಚೌಕಟ್ಟನ್ನು ತೆಗೆದು, ಕಾರ್ಡನ್ನು ಎಳೆದು ಗೆಳತಿಯ ಕೈಗಿತ್ತಳು. ಸ್ಟ್ಯಾಂಡಿನಲ್ಲಿದ್ದ ಉಳಿದ ಆಬೆಲ್‌ಗಳನ್ನೂ ಬಾಚಿ ಕೊಟ್ಟಳು. ನೀರಿನ ಲೋಟಕ್ಕೆ ಕೈ ಹಾಕಿದಾಗ ಎರ್ಮೆಲಿಂಡ ಅವಳ ಮಣಿಕಟ್ಟು ಹಿಡಿದಳು.

"ನೀರು ಇರ್ಲಿ. ಬಾಯಾರೋದು ಸತ್ತೋರಿಗೆ ಮಾತ್ರಾನಾ?" ಮಣಿಕಟ್ಟು ಬಿಟ್ಟು ಹೇಳಿದಳು: "ಬೆಳಿಗ್ಗೆ ಬಂದು ನೋಡ್ತೀನಿ. ಕುಡಿದು ಹೋಗಿದ್ರೆ ಗೊತ್ತಾಗುತ್ತೆ. ನೀನು ಮಾತ್ರ ನಂಗೆ ಸುಳ್ಳು ಹೇಳ್ಬೇಡ."

ಸತ್ತವರು ಬಂದು ಕುಡಿದರೆ ನೀರು ಇಳಿಯುತ್ತದೆ ಎನ್ನುವುದು ಮುದುಕಿಯರ ಮಾತು. ಪ್ರವಾಸಿಗಳಿಗೆ ನೊಯೆಮಿ ಅದನ್ನು ನಗುನಗುತ್ತ ಹೇಳಿ ಲೋಟಗಳನ್ನು ಮಾರಿದ್ದಳು. ಆ ಸಂಜೆ ಅವಳು ಆಬೆಲ್‌ನ ಲೋಟವನ್ನು ಅಂಚಿನವರೆಗೆ ತುಂಬಿಸಿ, ಫ್ಯಾನು ಆರಿಸಿ, ಕಿಟಕಿಗಳನ್ನು ಎರಡೆರಡು ಸಲ ತಳ್ಳಿ ನೋಡಿ ಬೀಗ ಹಾಕಿದಳು. ಮನೆಯಲ್ಲಿ ಊಟ ಸೇರಲಿಲ್ಲ.

ಬೆಳಿಗ್ಗೆ ಬೇಗನೆ ಬಂದಳು. ದೀಪ ಹಾಕುವ ಮೊದಲೇ ಎಡೆಯ ಹತ್ತಿರ ಹೋದಳು. ದೊನ್ ಫಿದೆನ್ಸಿಯೊ ಅವರ ಮುಂದಿನ ಲೋಟ ತುಂಬಿತ್ತು. ಉಳಿದವೂ ನಿನ್ನೆಯ ಹಾಗೇ ಇದ್ದವು. ಪಟವಿಲ್ಲದ ಜಾಗದ ಲೋಟದಲ್ಲಿ ಮಾತ್ರ ನೀರು ಅರ್ಧಕ್ಕಿಳಿದಿತ್ತು.

ಒಣ ಊರು, ಆರಿರಬೇಕು ಎಂದುಕೊಂಡಳು. ಲೋಟ ಬಿರುಕುಬಿಟ್ಟಿರಬೇಕು ಎಂದು ಎತ್ತಿ ತಳ ಸವರಿದಳು. ಬೆರಳು ಒದ್ದೆಯಾಗಲಿಲ್ಲ. ಹೊರಗೆ ಎರ್ಮೆಲಿಂಡ ಮತ್ತೊಂದು ಹೊರೆ ಹೂವು ಹೊತ್ತು ರಸ್ತೆ ದಾಟುತ್ತಿದ್ದಳು. ಒಂದು ಕಾರು ಅವಳಿಗಾಗಿ ನಿಂತಿತು.

ನೊಯೆಮಿ ಹೂಜಿ ತಂದು ಸುರಿದಳು. ಅವಸರದಲ್ಲಿ ನೀರು ಅಂಚು ಮೀರಿತು. ಹೂಜಿಯನ್ನು ಪುಸ್ತಕದ ಕಪಾಟಿನ ಹಿಂದೆ ತಳ್ಳುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಎರ್ಮೆಲಿಂಡ ನೇರ ಎಡೆಯ ಮುಂದೆ ಹೋಗಿ ನಿಂತಳು. ಬಹಳ ಹೊತ್ತು ನೋಡಿದಳು.

"ಹಾಗೇ ಇದೆ," ಎಂದಳು.

"ಹಾಗೇ ಇದೆ ಕೊಮಾದ್ರೆ," ಎಂದಳು ನೊಯೆಮಿ.

ಲೋಟದ ಸುತ್ತ ಬಿಳಿ ಬಟ್ಟೆಯ ಮೇಲೆ ಒದ್ದೆ ಇನ್ನೂ ಹರಡುತ್ತಿತ್ತು. ಎರ್ಮೆಲಿಂಡ ಹೊರೆಯಿಂದ ಹೂವುಗಳನ್ನು ಕಿತ್ತು, ಒಂದೊಂದಾಗಿ, ಆ ಒದ್ದೆ ಕಾಣದ ಹಾಗೆ ಅದರ ಮೇಲೆ ಜೋಡಿಸತೊಡಗಿದಳು.