ಐಸ್ ಫ್ಯಾಕ್ಟರಿ ಕೆಡವಿದ್ದು

ಪಾಂಡವಪುರದ ಆಚೆ, ನಾಲೆಯ ಪಕ್ಕದಲ್ಲಿ ಹದಿನಾಲ್ಕು ವರ್ಷ ಬೀಗ ಬಿದ್ದಿದ್ದ ಐಸ್ ಫ್ಯಾಕ್ಟರಿಯನ್ನು ಕೆಡವಲು ಒಪ್ಪಿಕೊಂಡವಳು ಅರಕೆರೆಯ ಪ್ರಮೀಳಾ. ಹಳೆ ಕಟ್ಟಡ ಬಿಚ್ಚಿ ತೊಲೆ, ಬಾಗಿಲು, ಇಟ್ಟಿಗೆ, ಕಬ್ಬಿಣವನ್ನು ಮತ್ತೆ ಬಳಸುವವರಿಗೆ ಮಾರುವುದು ಅವಳ ಗಂಡ ರಂಗಸ್ವಾಮಿಯ ಕಸುಬಾಗಿತ್ತು. ಎರಡು ವರ್ಷದ ಹಿಂದೆ ನಾಗಮಂಗಲದಲ್ಲಿ ಗೋಡೆಯೊಂದು ಅವನ ಮೇಲೆಯೇ ಬಿತ್ತು. ಇಟ್ಟಿಗೆ ಎತ್ತಿ ಹೊರಗೆಳೆದಾಗ ಎದೆ ಚಪ್ಪಟೆಯಾಗಿತ್ತು. ಅಲ್ಲಿಂದ ಮುಂದೆ ಪ್ರಮೀಳಾ ಹೇಳದೆ ಯಾರೂ ಹಾರೆ ಎತ್ತುವಂತಿರಲಿಲ್ಲ. ಇದು ಮೈದುನ ನಿಂಗರಾಜುವಿಗೆ ಸೇರುತ್ತಿರಲಿಲ್ಲ. ಅಣ್ಣನ ಜಾಗ ತನ್ನದೆಂದು ಅವನು ತಿಳಿದಿದ್ದ.

ಐದು ದಿನದಲ್ಲಿ ಬಾಗಿಲು, ಕಿಟಕಿ, ತೇಗದ ತೊಲೆಗಳು ಇಳಿದವು. ಕೂಲಿಯ ಬೆಟ್ಟಮ್ಮ ಗಾರೆ ಕೆರೆದು ಇಟ್ಟಿಗೆ ಜೋಡಿಸಿದಳು. ಉಳಿದದ್ದು ಇನ್ನೂ ಬಾಗಿಲು ಕೀಳದ ಹಿಂದಿನ ಕೋಣೆ, ಅದರೊಳಗಿನ ಯಂತ್ರ, ಕೊಳವೆಗಳು, ದೊಡ್ಡದೊಂದು ಟ್ಯಾಂಕು. ಅದರ ಹತ್ತಿರ ಬಗ್ಗಿದಾಗ ಪ್ರಮೀಳಾಳ ಮೂಗು ಕೊರೆದಂತಾಯಿತು, ಕಣ್ಣು ಉರಿಯಿತು. ಮೈಸೂರಿನ ಮೆಕ್ಯಾನಿಕ್ ಸಿದ್ದಾರ್ಥನಿಗೆ ಫೋನ್ ಮಾಡಿದಳು. ಐಸ್ ಮಾಡಲು ಬಳಸುವ ಅಮೋನಿಯಾ ಇನ್ನೂ ಒಳಗಿದೆ ಎಂದ ಅವನು. ಬುಧವಾರ ಬಂದು ತೆಗೆಯುತ್ತೇನೆ, ಅಲ್ಲಿತನಕ ಬೀಗ ಹಾಕಿ, ಸೋರಿದರೆ ಯಾರನ್ನೂ ಒಳಗೆ ಬಿಡಬೇಡಿ, ಗಾಳಿ ಬರುವ ಕಡೆ ನಿಂತು ನೀರು ಚಿಮ್ಮಿಸಿ ಎಂದು ಹೇಳಿದ. ಅವಳು ಬೀಗ ಹಾಕಿ, ನಾಲೆಗೆ ಪಂಪು ಇಳಿಸಿ, ಪೈಪು ಎಳೆದಿಟ್ಟಳು.

ಮಂಗಳವಾರ ಬೆಳಿಗ್ಗೆ ನಿಂಗರಾಜು ಗುಜರಿ ಲಾರಿ ಕರೆದುಕೊಂಡೇ ಬಂದ. ಬುತ್ತಿ ತಂದಿದ್ದ ಅತ್ತೆ ದ್ಯಾವಮ್ಮ ಮರದ ನೆರಳಲ್ಲಿ ಕೂತಿದ್ದಳು.

"ಬೀಗದ್ ಕೈ ಕೊಡು ಅತ್ಗೆ" ಎಂದ ನಿಂಗರಾಜು.

"ನಾಳಿಕ್ಕೆ. ಒಳಗೆ ಗ್ಯಾಸದೆ."

ಅವನು ಕೆನ್ನೆಗೆ ಬಾರಿಸಿದ. ಅವಳು ಇಟ್ಟಿಗೆ ರಾಶಿಯ ಮೇಲೆ ಬಿದ್ದಳು. ಕೀಲಿ ಕಟ್ಟಿದ್ದ ಸೆರಗಿನ ಗಂಟಿಗೆ ಅವನು ಕೈ ಹಾಕಿದಾಗ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ಅವನು ನೆಲದಲ್ಲಿದ್ದ ಸ್ಪಾನರ್ ಎತ್ತಿ ಅವಳ ಎಡಗೈಗೆ ಎರಡು ಸಲ ಹೊಡೆದ. ಎರಡನೇ ಏಟಿಗೆ ಮೂಳೆ ಲಟಕ್ಕೆಂದಿತು. ಬೆಟ್ಟಮ್ಮ ಅವನ ಬೆನ್ನಿಗೆ ಇಟ್ಟಿಗೆ ಬೀಸಿದಳು. ಅವನು ತಿರುಗಿ ಅವಳ ಹೊಟ್ಟೆಗೆ ಒದ್ದ. ಬುಡ್ಲಾ ಎಂದು ದ್ಯಾವಮ್ಮ ಕೂತಲ್ಲಿಂದಲೇ ಹೇಳಿದಳು, ಏಳಲಿಲ್ಲ. ಅವನು ಗಂಟು ಹರಿದು ಕೀಲಿ ಕಿತ್ತುಕೊಂಡು ಸುತ್ತಿಗೆ ಹಿಡಿದು ಒಳಗೆ ಹೋದ.

ಸುತ್ತಿಗೆಯ ಸದ್ದು ಮೂರು ಸಲ ಕೇಳಿತು. ಆಮೇಲೆ ಟೈರು ಸಿಡಿದಂಥ ಸದ್ದು, ಅದರ ಹಿಂದೆಯೇ ನಿಂಗರಾಜುವಿನ ಚೀರಾಟ. ಬಾಗಿಲಿಂದ ಬಿಳಿ ಹೊಗೆ ನುಗ್ಗಿತು. ಲಾರಿಯವನು ರಸ್ತೆಗೆ ಓಡಿದ. ದ್ಯಾವಮ್ಮ ಬಾಗಿಲ ಕಡೆ ಓಡಿದಳು.

ಪ್ರಮೀಳಾ ಅಡ್ಡ ನಿಂತಳು. ಮುದುಕಿ ಅವಳ ಮುಖ ಪರಚಿ ಮುಂದೆ ನುಗ್ಗಿದಳು. ಪ್ರಮೀಳಾ ಬಲಗೈಯಲ್ಲಿ ಇದ್ದ ಬಲವನ್ನೆಲ್ಲ ಹಾಕಿ ಅತ್ತೆಯ ಬಾಯಿಗೆ ಹೊಡೆದಳು. ಎರಡು ಹಲ್ಲು ಉದುರಿದವು. ಬಿದ್ದ ಮುದುಕಿ ಆದರೂ ಎದ್ದಳು. ಈ ಸಲ ಪ್ರಮೀಳಾ ಮೊಣಕಾಲಿಗೆ ಒದ್ದು ಕೆಡವಿ, ಎದೆ ಮೇಲೆ ಕೂತ್ಕೊ, ಬುಡಬೇಡ ಎಂದು ಬೆಟ್ಟಮ್ಮನಿಗೆ ಹೇಳಿದಳು.

ಪ್ರಮೀಳಾ ಪಂಪು ಶುರುಮಾಡಿದಳು. ಪೈಪನ್ನು ಕಂಕುಳಲ್ಲಿ ಅವುಚಿಕೊಂಡು ಗಾಳಿ ಬರುವ ಕಡೆ ಹೋಗಿ ನಿಂತಳು. ಅಲ್ಲಿ ಒಂದು ಗಳಿಗೆ ಅವಳ ಕೈ ತಡೆಯಿತು. ಅವನು ಸಾಯಲಿ ಅನ್ನಿಸಿತು. ಆಮೇಲೆ ಆಸ್ಪತ್ರೆಯಲ್ಲಿ ಅದನ್ನು ಬೆಟ್ಟಮ್ಮನ ಹತ್ತಿರ ಮುಚ್ಚಿಡದೆ ಹೇಳಿದಳು. ಒಳಗಿನ ಚೀರಾಟ ಕೆಮ್ಮಾಗಿ ಇಳಿಯುತ್ತಿತ್ತು. ಅವಳು ಬಾಗಿಲ ಹೊಗೆಗೆ ನೀರು ಬಿಟ್ಟಳು.

"ನಿಂಗಾ, ನೆಲ ಕಚ್ಕೊಂಡು ಬಾ. ನೀರ್ ಬರೋ ಕಡಿಕ್ಕೆ ತೆವಳ್ಕೊಂಡು ಬಾ."

ಮತ್ತೆ ಮತ್ತೆ ಅದನ್ನೇ ಕೂಗಿದಳು. ಕೊನೆಗೆ ಹೊಸ್ತಿಲಲ್ಲಿ ಒಂದು ಕೈ ಕಂಡಿತು. ಅವನ ಮುಖದ ಚರ್ಮ ಸುಲಿದಿತ್ತು, ರೆಪ್ಪೆಗಳು ಊದಿ ಮುಚ್ಚಿದ್ದವು. ಅವನನ್ನು ದೂರ ಎಳೆದು, ಎದೆ ಮೇಲೆ ಮಂಡಿಯೂರಿ ಕಣ್ಣಿಗೆ ನೀರು ಬಿಡುತ್ತಲೇ ಇದ್ದಳು. ಉರಿ ತಾಳದೆ ಅವನು ಕೈ ಬೀಸಿದ. ಏಟುಗಳು ಅವಳ ಮುರಿದ ಕೈಗೇ ಬಿದ್ದವು. ಫೈರ್ ಎಂಜಿನ್ನಿನವರು ಬರುವವರೆಗೂ ಅವಳು ಏಳಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಅವನ ಎಡಗಣ್ಣು ಹೋಯಿತು, ಬಲಗಣ್ಣು ಉಳಿಯಿತು. ಪ್ರಮೀಳಾಳ ಕೈಗೆ ರಾಡು ಹಾಕಿದರು. ಹೇಳಿಕೆ ಬರೆದುಕೊಳ್ಳಲು ಪೊಲೀಸಿನವರು ಬರುವ ಮೊದಲೇ ನೆಂಟರೆಲ್ಲ ಸೇರಿ, ಮನೆ ಮರ್ಯಾದೆ, ಇಟ್ಟಿಗೆ ಮೇಲೆ ಬಿದ್ದೆ ಅಂದುಬಿಡು ಎಂದು ಅವಳನ್ನು ಒಪ್ಪಿಸಿದ್ದರು. ಅವಳು ಹಾಗೆಯೇ ಹೇಳಲು ಶುರುಮಾಡಿದಳು. ಬಾಯಿ ಊದಿಸಿಕೊಂಡು ಪಕ್ಕದಲ್ಲಿ ಕೂತಿದ್ದ ದ್ಯಾವಮ್ಮ ತಡೆದಳು.

"ಇವ್ಳ ಕೈ ಮುರ್ದೋನು ನನ್ ಮಗ. ನನ್ ಹಲ್ಲು ಉದುರ್ಸಿ ನನ್ನ ಉಳಿಸ್ದೋಳು ಇವ್ಳು. ಎಲ್ಡೂ ಬರ್ಕಳಿ."

ಸಿದ್ದಾರ್ಥ ಬಂದು ಟ್ಯಾಂಕಿನಲ್ಲಿ ಉಳಿದದ್ದನ್ನು ತೆಗೆದ. ಕೇಸು ಇನ್ನೂ ನಡೆಯುತ್ತಿದೆ. ಈಗ ಪ್ರಮೀಳಾ ಮಾಕವಳ್ಳಿಯಲ್ಲಿ ಒಂದು ಹಳೆ ಗೋದಾಮು ಬಿಚ್ಚಿಸುತ್ತಿದ್ದಾಳೆ. ದ್ಯಾವಮ್ಮ ಅಲ್ಲೇ ಕೂತು ಇಟ್ಟಿಗೆ ಕೆರೆಯುತ್ತಾಳೆ. ಅತ್ತೆ ಸೊಸೆ ಹೆಚ್ಚು ಮಾತಾಡುವುದಿಲ್ಲ. ಹೋದ ವಾರ ನಿಂಗರಾಜು ಕೆಲಸ ಕೇಳಿಕೊಂಡು ಬಂದಿದ್ದ. ಪ್ರಮೀಳಾ ಇಲ್ಲ ಎಂದಳು. ದ್ಯಾವಮ್ಮ ಅವನಿಗೆ ಉಣ್ಣಲು ಇಕ್ಕಿ, ಕೈ ಹಿಡಿದು ಕರೆದೊಯ್ದು ಬಸ್ಸು ಹತ್ತಿಸಿ ಬಂದಳು.