ತೌನೊನ ಕಾರಿನಲ್ಲಿ ನಿಲ್ಲದ ಪೆಟ್ರೋಲ್

ಟ್ಯಾಂಕು ಪೂರ್ತಿ ತುಂಬಿಸಿದ್ದೇನೆಂದು ತೌನೊ ಆಣೆ ಮಾಡಿ ಹೇಳುತ್ತಿದ್ದ. ಗೇಜಿನ ಮುಳ್ಳು ನೋಡಿದರೆ ಮುಕ್ಕಾಲಿಗಿಂತ ಕೆಳಗೆ ಬಿದ್ದುಕೊಂಡಿತ್ತು. ಅವನ ತಮ್ಮ ಆರ್ವೊ ಕಾರಿನೊಳಗೆ ಕೂತು ಮುಳ್ಳಿನ ಮೇಲಿನ ಗಾಜನ್ನು ತಟ್ಟಿ ತಟ್ಟಿ ನೋಡಿದ. ಅಣ್ಣ ತುಂಬಿಸಿಯೇ ಇಲ್ಲವೋ, ತುಂಬಿಸಿದ್ದು ಹೋದ ವಾರವೋ, ಮುಳ್ಳೇ ಸುಳ್ಳು ಹೇಳುತ್ತಿದೆಯೋ? ಒಂದೂ ತಿಳಿಯದೆ ಅವನ ತಲೆ ಕೆಟ್ಟು ಕೆರ ಹಿಡಿದಿತ್ತು.

ಹ್ಯಾನ್‌ಕಾಕ್ ಪೇಟೆಯ ಸುತ್ತಮುತ್ತ ಚಳಿ ಬಲಿಯುವ ಮೊದಲೇ ಎಲ್ಲರೂ ಟ್ಯಾಂಕು ತುಂಬಿಸಿಡುತ್ತಾರೆ. ಪೇಟೆಗೂ ಇವರ ಮನೆಗೂ ನಡುವೆ ಬರೀ ಕಾಡು. ಅಲ್ಲಿ ಪೆಟ್ರೋಲ್ ಮುಗಿದು ಕಾರು ನಿಂತರೆ ಬೆಳಗಾಗುವಷ್ಟರಲ್ಲಿ ಮನುಷ್ಯ ಸೆಟೆದು ಕೊರಡಾಗಿರುತ್ತಾನೆ. ತೌನೊನಿಗೆ ಎಪ್ಪತ್ತೆಂಟು. ಈಚೆಗೆ ಒಲೆಯ ಮೇಲೆ ಕಾಫಿ ಇಟ್ಟು ಮರೆಯುತ್ತಿದ್ದ. ಶನಿವಾರ ಸೌನಾದ ಹಬೆಮನೆಯಲ್ಲಿ ಬೆವರಿ ಬಂದು, ಊಟವಾದ ಮೇಲೆ ಮತ್ತೆ ಸೌನಾ ಕಾಯಿಸಲು ಸೌದೆ ಎತ್ತಿಕೊಂಡು ಹೊರಟಿದ್ದ. ಇಂಥವನು ಒಬ್ಬನೇ ಕಾರು ತೆಗೆದುಕೊಂಡು ಹೋದರೆ ಆರ್ವೊನ ಜೀವ ಕೈಯಲ್ಲಿರುತ್ತಿತ್ತು.

"ಅಣ್ಣಾ, ಕೀಲಿಕೈ ಕೊಟ್ಬಿಡು. ಇನ್ಮೇಲೆ ನಾನೇ ಓಡಿಸ್ತೀನಿ."

"ಕೊಟ್ಟು? ಮದುವೆ ಮನೆಗೆ ಹೊರಟ ಅಜ್ಜಿ ಥರ ನಿನ್ನ ಪಕ್ಕ ಕೂತ್ಕೊಳ್ಲಾ?"

"ತುಂಬಿಸಿದ್ದು ನಿಜವಾಗ್ಲೂ ನೆನಪಿದ್ಯಾ?"

"ಇದೆ ಕಣೋ! ಕೆಟ್ಟಿರೋದು ಕಾರು, ನನ್ನ ತಲೆ ಅಲ್ಲ!"

ಕೊನೆಗೆ ಒಪ್ಪಂದವಾಯಿತು. ತಪ್ಪು ಕಾರಿನದಾದರೆ ಆರ್ವೊ ಕೀಲಿಕೈ ಸುದ್ದಿ ಎತ್ತುವಂತಿಲ್ಲ. ತಲೆಯದಾದರೆ ತೌನೊ ಮಾತಿಲ್ಲದೆ ಕೊಡಬೇಕು.

ಕಾರಿನಡಿಯ ಹಿಮದಲ್ಲಿ ಕಪ್ಪು ಕಲೆಗಳೇನೋ ಇದ್ದವು. ಆದರೆ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ತಗಡನ್ನು ತಿನ್ನದಿರಲೆಂದು ಅಲ್ಲಿಯವರು ಚಳಿಗೆ ಮುಂಚೆ ಕಾರಿನ ಹೊಟ್ಟೆಗೆಲ್ಲ ಹಳೇ ಎಂಜಿನ್ ಎಣ್ಣೆ ಬಳಿಯುತ್ತಾರೆ. ಅದು ಚಳಿಗಾಲ ಪೂರ್ತಿ ತೊಟ್ಟಿಕ್ಕುತ್ತಲೇ ಇರುತ್ತದೆ. ಅದಕ್ಕೇ ಕಲೆ ಕಂಡಾಗಲೆಲ್ಲ ಆರ್ವೊ, "ಅಯ್ಯೋ, ಅದು ನಾವೇ ಬಳಿದ ಎಣ್ಣೆ," ಎಂದು ದಾಟಿಕೊಂಡು ಹೋಗಿದ್ದ. ಈಗ ರಟ್ಟು ಹಾಸಿ ಕೆಳಗೆ ಮಲಗಿದ. ತೌನೊ ಮೇಲಿನಿಂದ ಕ್ಯಾನಿನಲ್ಲಿದ್ದ ಪೆಟ್ರೋಲ್ ಹುಯ್ದ. ಬಹಳ ಹೊತ್ತು ಏನೂ ಇಲ್ಲ. ಟ್ಯಾಂಕು ತುಂಬುತ್ತ ಬಂದಾಗ ಹಿಂದಿನ ಚಕ್ರದ ಪಕ್ಕದಿಂದ ಆರ್ವೊನ ಹಣೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಮೂಗಿಗೆ ಹೊಡೆದದ್ದು ಎಣ್ಣೆಯ ವಾಸನೆಯಲ್ಲ!

ಚಕ್ರ ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹೊದಿಕೆ ಕಿತ್ತರೆ ಬೊಗಸೆಗಟ್ಟಲೆ ಉಪ್ಪುಮಣ್ಣು. ಅದರ ಹಿಂದೆ ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಇಳಿಯುವ ಕಬ್ಬಿಣದ ಕೊಳವೆ. ಹೆಬ್ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯಿತು.

"ಈಗೇನಂತೀಯೋ ಪಂಡಿತ?" ಎಂದ ತೌನೊ.

"ತಪ್ಪಾಯ್ತು ಅಣ್ಣಾ." ಆರ್ವೊನಿಗೆ ಸೋತದ್ದಕ್ಕೇ ಅಳು ಬರುವಷ್ಟು ಸಂತೋಷವಾಗಿತ್ತು.

ಫೋನು ಮಾಡಿ ಹೊಸ ಕೊಳವೆ ಅಂಚೆಯಲ್ಲಿ ತರಿಸಿದ. ಪೆಟ್ರೋಲ್ ಕೆಲಸವೆಂದು ಶೆಡ್ಡಿನ ಒಲೆ ಹಚ್ಚದೆ, ಬಾಗಿಲು ತೆರೆದಿಟ್ಟು, ಚಳಿಗೆ ಬೆರಳು ಮರಗಟ್ಟಿಸಿಕೊಂಡು ಕೂತರು. ತುಕ್ಕು ಹಿಡಿದ ಸ್ಕ್ರೂಗಳನ್ನು ಕೈಗರಗಸದಲ್ಲೇ ಕುಯ್ದರು. ತೌನೊನ ಕೈಗೆ ಯಾವ ಮರೆವೂ ಬಂದಿರಲಿಲ್ಲ. ರಬ್ಬರ್ ಪೈಪು ಕೂರಿಸಿ, ಕ್ಲಿಪ್ಪು ಬಿಗಿದು, ಪಕ್ಕದ ಗಾಳಿ ಕೊಳವೆಯನ್ನೂ ಜೋಡಿಸಿದ. ಪೇಟೆಗೆ ಹೋಗಿ ತುಂಬಿಸಿ ತಂದರು. ಏಲಕ್ಕಿ ಬ್ರೆಡ್ಡು ತಿಂದು ಕಾಫಿ ಕುಡಿದು ಬಂದು ನೋಡಿದರೆ ಕೆಳಗೆ ಹಾಸಿದ ರಟ್ಟು ಒಣಗಿಯೇ ಇತ್ತು.

ಸ್ಪ್ಯಾನರುಗಳನ್ನು ಒಳಗಿಡಲು ಆರ್ವೊ ಅಣ್ಣನ ಸಾಮಾನಿನ ಪೆಟ್ಟಿಗೆ ತೆಗೆದ. ತಳದಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಹೊಸ ಕೊಳವೆ. ಈಗ ಹಾಕಿದ್ದರ ಪಡಿಯಚ್ಚು. ಚೀಲದ ಮೇಲೆ ಧೂಳು ಕೂತಿತ್ತು. ಆ ಪೆಟ್ಟಿಗೆಗೆ ತೌನೊ ಬಿಟ್ಟು ಇನ್ಯಾರೂ ಕೈ ಹಾಕುತ್ತಿರಲಿಲ್ಲ.

ಆರ್ವೊ ಬೆಪ್ಪನಂತೆ ನಿಂತ. ಸೋರುವುದನ್ನು ಎಲ್ಲರಿಗಿಂತ ಮೊದಲು ಅಣ್ಣನೇ ಪತ್ತೆ ಹಚ್ಚಿದ್ದ. ಹಾಗಾದರೆ ತಲೆ ನೆಟ್ಟಗಿದೆ. ಪತ್ತೆ ಹಚ್ಚಿ, ಪೇಟೆಗೆ ಹೋಗಿ, ಸರಿಯಾದ ಕೊಳವೆಯನ್ನೇ ಕೊಂಡು ತಂದು, ಆಮೇಲೆ ಅಷ್ಟನ್ನೂ ಮರೆತಿದ್ದ. ಹಾಗಾದರೆ? ಗೆದ್ದವರು ಯಾರು ಎಂದು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಕೈ ಒರೆಸಿಕೊಳ್ಳುತ್ತ ಬಂದ ತೌನೊನ ಮುಖ ಅರಳಿತು. "ಓಹೋ, ಬಂತಾ? ಕೊಡು ಕೊಡು, ಕತ್ತಲಾಗೋಕೆ ಮುಂಚೆ ಹಾಕಿಬಿಡೋಣ."

"ಅಣ್ಣಾ... ಈಗ ತಾನೇ ಹಾಕಿದ್ವಲ್ಲ."

ತೌನೊ ಬಗ್ಗಿ ನೋಡಿದ. ಹೊಳೆಯುವ ಕ್ಲಿಪ್ಪನ್ನು ಮುಟ್ಟಿದ. ತುಕ್ಕು ಮೆತ್ತಿದ ತನ್ನ ಬೆರಳುಗಳನ್ನು ನೋಡಿಕೊಂಡ.

"ಮತ್ತೆ ಇದು ಎಲ್ಲಿತ್ತು?"

"ನಿನ್ನ ಪೆಟ್ಟಿಗೇಲಿ."

ತೌನೊ ಪೆಟ್ಟಿಗೆಯ ಮುಚ್ಚಳ ಹಾಕಿದ. ಆಮೇಲೆ ಜೇಬಿನಿಂದ ಕೀಲಿಕೈ ತೆಗೆದು ತಮ್ಮನ ಅಂಗೈಗೆ ಒತ್ತಿದ.

"ಇಟ್ಕೊ. ನಾಳೆ ಇದನ್ನೂ ಮರೆತು ಕೇಳ್ತೀನಿ. ಬಯ್ತೀನಿ, ಕೂಗಾಡ್ತೀನಿ. ಕೊಡಬೇಡ ಕಣೋ."

ಮರುದಿನ ಬೆಳಿಗ್ಗೆ ತೌನೊ ಕೋಟಿನ ಜೇಬುಗಳನ್ನೆಲ್ಲ ತಡಕಾಡಿದ. "ಲೋ ಆರ್ವೊ, ನನ್ನ ಕೀಲಿಕೈ ಎಲ್ಲಾದ್ರೂ ಕಂಡ್ಯೇನೋ?"

ಜೇಬಿನೊಳಗೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಆರ್ವೊ, "ಇಲ್ವಲ್ಲ ಅಣ್ಣಾ, ಹುಡುಕೋಣ ಬಾ," ಎಂದ.